ದೂತನ ಕೈಯ ಕಾಗದದ ಕತ್ತಿ

ಜೆಸ್ಸಿ ಎಂಬ ಹುಡುಗಿ ಈಗ ನನ್ನ ಜಾಗದಲ್ಲಿದ್ದಾಳೆ. ಹೋದ ತಿಂಗಳು ಆರ್.ಟಿ. ನಗರದ ನನ್ನ ಮನೆಗೆ ಬಂದು, "ಟೀಚರ್, ಹೊಸದಾಗಿ ಸೇರೋರಿಗೆ ಓದೋಕ್ಕೆ ಕೊಡ್ಬೇಕು. ನಿಮ್ಮ ಅನುಭವ ಎರಡು ಪುಟ ಬರ್ದುಕೊಡಿ, ಸ್ವಲ್ಪ ಇನ್‌ಸ್ಪೈರಿಂಗ್ ಆಗಿರ್ಲಿ" ಎಂದಳು. ಇನ್‌ಸ್ಪೈರಿಂಗ್ ಬೇಕಿದ್ದವರು ಗೋಡೆಯ ಕ್ಯಾಲೆಂಡರ್ ನೋಡಿಕೊಳ್ಳಲಿ. ನಾನು ಬರೆಯುವುದು ಗೇಣುದ್ದದ ಒಬ್ಬ ದೇವದೂತನ ವಿಷಯ, ಅವನ ಕೈಯಲ್ಲಿದ್ದ ಕಾಗದದ ಕತ್ತಿಯ ವಿಷಯ, ಅದರಿಂದ ನಾನು ಕಳೆದುಕೊಂಡ ಒಬ್ಬ ಹುಡುಗಿಯ ವಿಷಯ.

ನನ್ನ ಹೆಸರು ಕರುಣಾಮಣಿ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ಹಾಸ್ಟೆಲ್ಲಿನ ಹುಡುಗಿಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ಸುಳ್ಳೇನಲ್ಲ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಹೆಬ್ಬಾಳದ ಕಡೆ ಇದ್ದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ಬೈಬಲ್ ಪಾಠದ ಟೀಚರ್ ಆಗಿದ್ದೆ. ವಾರದ ದಿನ ಹಾಸ್ಟೆಲ್ಲಿನ ಮಕ್ಕಳಿಗೆ, ಭಾನುವಾರ ಮಧ್ಯಾಹ್ನ ಅಟ್ಟೂರು, ಚಿಕ್ಕಜಾಲದ ಮಕ್ಕಳಿಗೆ ಕಥೆ ಹೇಳುವುದು ನನ್ನ ಕೆಲಸ. ಯಾವಾಗ ಸೇರಿದೆ, ಯಾವಾಗ ಹಿರಿಯ ಟೀಚರ್ ಆದೆ ಎಂಬುದೆಲ್ಲ ಫೈಲಿನಲ್ಲಿದೆ.

ಜೆಸ್ಸಿ ಈಗ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಡುತ್ತಾಳೆ. ಅದರಲ್ಲಿ ದೂತರು ರೆಕ್ಕೆ ಬಡಿಯುತ್ತಾರೆ, ಸದ್ದು ಬೇರೆ ಬರುತ್ತದೆ. ನಮ್ಮ ಕಾಲದಲ್ಲಿ ಇದ್ದದ್ದು ಫ್ಲಾನೆಲ್ ಬಟ್ಟೆ. ಹಲಗೆಗೆ ನೀಲಿ ಫ್ಲಾನೆಲ್ ಹೊದಿಸುವುದು, ಕತ್ತರಿಸಿದ ಕಾಗದದ ಚಿತ್ರಗಳ ಬೆನ್ನಿಗೂ ಅದೇ ಬಟ್ಟೆಯ ಚೂರು ಅಂಟಿಸುವುದು. ಒತ್ತಿದರೆ ಚಿತ್ರ ಬಟ್ಟೆಗೆ ಕಚ್ಚಿಕೊಳ್ಳುತ್ತಿತ್ತು. ಕಥೆ ಮುಂದುವರಿದಂತೆ ಒಬ್ಬೊಬ್ಬರನ್ನೇ ತಂದು ನಿಲ್ಲಿಸಬೇಕು, ಕೆಲಸ ಮುಗಿದವರನ್ನು ಕಿತ್ತು ಪೆಟ್ಟಿಗೆಗೆ ಹಾಕಬೇಕು. ಮಕ್ಕಳಿಗೆ ಬೆನ್ನು ತೋರಿಸಬಾರದು, ಮಾತು ನಿಲ್ಲಬಾರದು. ಮಾತು ನಿಂತರೆ ಹಿಂದಿನ ಸಾಲು ಜಡೆ ಎಳೆಯಲು ಶುರುಮಾಡುತ್ತದೆ. ಇದು ಪ್ರೊಜೆಕ್ಟರಿಗೂ ಅನ್ವಯಿಸುತ್ತದೆ, ಜೆಸ್ಸಿ ಗಮನಿಸಲಿ.

ನನ್ನ ಪೆಟ್ಟಿಗೆಯಲ್ಲಿ ಇಬ್ಬರು ಮೋಶೆಯರಿದ್ದರು, ಕುರಿಗಳು ಬೇಕಾದಷ್ಟಿದ್ದವು, ದೂತ ಮಾತ್ರ ಒಬ್ಬನೇ. ಕನ್ಯೆ ಮರಿಯಳಿಗೆ ಶುಭವಾರ್ತೆ ತರುವಾಗ ಅವನ ಕೈಗೆ ಲಿಲಿ ಹೂವು ಇಡುತ್ತಿದ್ದೆ. ದೇವರ ನ್ಯಾಯತೀರ್ಪು ನಡೆಸಲು ಬರುವಾಗ ಹೂವು ಕಿತ್ತು ಕತ್ತಿ ಇಡುತ್ತಿದ್ದೆ. ಆ ಕತ್ತಿಯನ್ನು ಟೀಪುಡಿ ಪೊಟ್ಟಣದ ಬೆಳ್ಳಿ ಕಾಗದದಿಂದ ನಾನೇ ಕತ್ತರಿಸಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೂವಿನ ದೂತನಿಗಿಂತ ಕತ್ತಿಯ ದೂತನೇ ಇಷ್ಟ. ಹೂವು ಹಿಡಿದಾಗ ಮಕ್ಕಳು ಆಕಳಿಸುತ್ತಿದ್ದರು, ಕತ್ತಿ ಹಿಡಿದಾಗ ಕ್ಲಾಸು ಸೂಜಿ ಬಿದ್ದರೂ ಕೇಳುವಷ್ಟು ಗಪ್‌ಚಿಪ್. ಪಾಪದ ಊರು ಸೊದೋಮಿನ ಬೀದಿಗೆ ಬಂದ ದೂತರು, ಐಗುಪ್ತ ದೇಶದ ಮನೆಮನೆಗೆ ಬಂದ ಸಂಹಾರಕ, ಬೆಳಗಾಗುವುದರೊಳಗೆ ಶತ್ರುಗಳಾದ ಅಶ್ಶೂರರ ದಂಡನ್ನೇ ಮಲಗಿಸಿದವನು, ಎಲ್ಲರ ಪಾತ್ರವನ್ನೂ ನನ್ನ ಆ ಗೇಣುದ್ದದವನೇ ಮಾಡಿದ.

ಒಮ್ಮೆ ಅಟ್ಟೂರಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಬಿಳಾಮನ ಕತ್ತೆಯ ಕಥೆ ಹೇಳುತ್ತಿದ್ದೆ. ದೇವರಿಗೆ ಬೇಡದ ದಾರಿಯಲ್ಲಿ ಬಿಳಾಮ ಕತ್ತೆಯೇರಿ ಹೊರಟಿರುತ್ತಾನೆ, ದೂತ ಕತ್ತಿ ಹಿರಿದು ಅಡ್ಡ ನಿಂತಿರುತ್ತಾನೆ. ಕತ್ತೆಗೆ ಕಾಣುವುದು ಮನುಷ್ಯನಿಗೆ ಕಾಣುವುದಿಲ್ಲ. ನಾನು ದನಿ ಏರಿಸಿ, "ನೋಡಿ, ಕತ್ತಿ ಹಿರಿದು ನಿಂತಿದ್ದಾನೆ" ಎಂದು ತಿರುಗಿದರೆ ದೂತ ಬರಿಗೈಯಲ್ಲಿ ನಿಂತಿದ್ದ. ಬೆನ್ನಿನ ಬಟ್ಟೆ ಸವೆದು ಕತ್ತಿ ಉದುರಿಹೋಗಿತ್ತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಆ ಮನೆಯ ಅಜ್ಜಿ ಅದನ್ನು ಸಿಪ್ಪೆಯ ರಾಶಿಯಿಂದ ಎತ್ತಿ ನನ್ನ ಕೈಗೆ ಕೊಟ್ಟಳು.

"ತಗಳವ್ವ, ನಿಮ್ ದೂತುನ್ ಮಚ್ಚು ಬಿದ್ದೋಗೈತೆ. ಇಂಗೆ ಕೈ ಜಾರೋನು ಇನ್ಯಾರ್ನ ಒಡೀತಾನೆ? ಪಾಪ, ಒಡ್ಯಾಕೆ ಅವ್ನ್ಗೂ ಇಷ್ಟ ಇಲ್ವೇನೋ."

ಮಕ್ಕಳು ಬಿದ್ದು ಬಿದ್ದು ನಕ್ಕವು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಯಲಹಂಕ ದಾಟುವವರೆಗೂ ಅಜ್ಜಿಯನ್ನು ಮನಸ್ಸಿನಲ್ಲೇ ಬೈದುಕೊಂಡೆ. ಆ ಮಾತನ್ನು ಆವತ್ತೇ ಕಿವಿಗೆ ಹಾಕಿಕೊಂಡಿದ್ದರೆ ಈ ಎರಡು ಪುಟ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ವಾರ್ಡನ್ ಎಸ್ತೇರಮ್ಮ. ದಪ್ಪ ಕನ್ನಡಕ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವರು ನಡೆದು ಬಂದರೆ ಗೊಂಚಲಿನ ಸದ್ದಿಗೇ ಹುಡುಗಿಯರು ಪುಸ್ತಕ ತೆರೆಯುತ್ತಿದ್ದರು. ಅಡುಗೆಮನೆಯಲ್ಲಿ ಬೆಲ್ಲ ಕಾಣೆಯಾದಾಗಲೆಲ್ಲ ನನ್ನನ್ನು ಕರೆಸುತ್ತಿದ್ದರು. "ಭಯ ಇಲ್ದೆ ಭಕ್ತಿ ಬರಲ್ಲ ಕಣ್ರೀ ಕರುಣಾ. ಈ ವಾರ ನಿಮ್ಮ ದೂತನ್ನ ಸ್ವಲ್ಪ ಜೋರಾಗೇ ಬಿಡಿ" ಎನ್ನುತ್ತಿದ್ದರು. ನಾನೂ ಬಿಡುತ್ತಿದ್ದೆ. ಬೆಲ್ಲ ಒಂದು ವಾರ ಸುರಕ್ಷಿತವಾಗಿರುತ್ತಿತ್ತು. ಅವರನ್ನು ದೂರುವುದಿಲ್ಲ, ಅಷ್ಟು ಮಕ್ಕಳಿಗೆ ಮೂರು ಹೊತ್ತು ಹೊಟ್ಟೆ ತುಂಬಿಸಿದವರು ಅವರೇ. ಹೆದರಿಸುವ ಕೆಲಸ ಮಾತ್ರ ನನಗೆ ಒಗ್ಗಿತ್ತು, ಯಾರೂ ಒತ್ತಾಯ ಮಾಡಬೇಕಿರಲಿಲ್ಲ.

ಒಮ್ಮೆ ಐಗುಪ್ತದ ಪಾಠ ಮಾಡಿದೆ. ಬಾಗಿಲ ಚೌಕಟ್ಟಿಗೆ ಕುರಿಮರಿಯ ರಕ್ತ ಹಚ್ಚಿದ ಮನೆಯನ್ನು ಸಂಹಾರಕ ದಾಟಿಹೋದ, ಹಚ್ಚದ ಮನೆಯ ಚೊಚ್ಚಲ ಮಗು ಉಳಿಯಲಿಲ್ಲ ಎಂದು ಒಳ್ಳೇ ರಂಗಾಗಿ ಹೇಳಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಹುಡುಗಿಯರು ಮಲಗುವ ಕೋಣೆಯ ಚೌಕಟ್ಟೆಲ್ಲ ಕೆಂಪು. ಚೊಚ್ಚಲ ಹೆಣ್ಣುಮಕ್ಕಳೆಲ್ಲ ಸೇರಿ ಪಲ್ಯಕ್ಕೆಂದು ತಂದಿಟ್ಟ ಬೀಟ್‌ರೂಟನ್ನು ಕಲ್ಲಿಗೆ ತೇದು ಬಳಿದಿದ್ದರು. ಎಸ್ತೇರಮ್ಮ ಕೂಗಾಡಿ ಎಲ್ಲರ ಕೈಗೆ ಒದ್ದೆ ಬಟ್ಟೆ ಕೊಟ್ಟರು. ನಾನು ಪಕ್ಕದಲ್ಲಿ ನಿಂತು ಮುಖ ಗಂಭೀರ ಮಾಡಿಕೊಂಡಿದ್ದೆ. ಒಳಗೆ ಖುಷಿಯೋ ಖುಷಿ, ಪಾಠ ಎಷ್ಟು ಚೆನ್ನಾಗಿ ನಾಟಿದೆ ಎಂದು.

ಎಲ್ಲರೂ ಉಜ್ಜುತ್ತಿದ್ದರೂ ಒಬ್ಬಳು ಬಟ್ಟೆ ಹಿಡಿದು ಸುಮ್ಮನೆ ನಿಂತಿದ್ದಳು. ಚಿಕ್ಕಜಾಲದ ಪುಷ್ಪ. ಹತ್ತು ವರ್ಷದವಳು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆ. ಅಪ್ಪ ಇರಲಿಲ್ಲ. ತಾಯಿ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವಳು ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಳು. ಮೂರು ವರ್ಷದ ತಮ್ಮ ಮಾವನ ಮನೆಯಲ್ಲಿದ್ದ.

"ಯಾಕೆ, ನಿನಗೆ ಬೇರೆ ಹೇಳ್ಬೇಕಾ?" ಎಂದೆ.

"ಟೀಚರ್, ಇದನ್ನ ತೊಳೆದ್ರೆ ಪರವಾಗಿಲ್ಲ. ಆಸ್ಪತ್ರೆ ಬಾಗಿಲಿಗೆ ಯಾರು ಹಚ್ತಾರೆ?"

ನಾನು ಕೊಟ್ಟ ಉತ್ತರ, "ಮೊದ್ಲು ಕೈಯಲ್ಲಿರೋ ಕೆಲಸ ಮಾಡು."

ಅದಾದ ಮೇಲಿನ ವಾರ ದಾವೀದನ ಕಣದ ಕಥೆ. ದಾವೀದ ಅರಸ ಗರ್ವದಿಂದ ಜನರ ಲೆಕ್ಕ ಹಾಕಿಸುತ್ತಾನೆ. ದೇವರು ಮುನಿದು ದೇಶದ ಮೇಲೆ ಮಾರಿಬೇನೆ ಕಳಿಸುತ್ತಾನೆ. ದೂತ ಕತ್ತಿ ಹಿಡಿದು ಊರೂರು ದಾಟುತ್ತ ಯೆರೂಸಲೇಮಿಗೆ ಬಂದು, ಒಬ್ಬ ರೈತನ ಕಣದ ಮೇಲೆ ನಿಲ್ಲುತ್ತಾನೆ. ರಾಗಿ ಬಡಿಯುವ ಕಣ ನಮ್ಮ ಮಕ್ಕಳಿಗೆಲ್ಲ ಗೊತ್ತಿದ್ದದ್ದೇ. ದೂತ ಕೈ ಎತ್ತಿದಾಗ ದೇವರ ಮನಸ್ಸು ಕರಗುತ್ತದೆ. ದೂತನಿಗೆ ದೇವರು ಹೇಳುವುದು ಒಂದೇ ಮಾತು: ಸಾಕು. ಕತ್ತಿ ಒರೆಗೆ ಹೋಗುತ್ತದೆ.

ಶನಿವಾರ ಕಿರುಪರೀಕ್ಷೆ ಇಟ್ಟೆ. ದೇವರು ದೂತನಿಗೆ ಏನೆಂದರು, ಆಮೇಲೆ ದೂತನು ಏನು ಮಾಡಿದನು ಎಂಬುದು ಪ್ರಶ್ನೆ. ಪುಷ್ಪ ಬರೆದಿದ್ದಳು: "ದೇವರು ದೂತನಿಗೆ ಸಾಕು ಎಂದರು. ಆಮೇಲೆ ದೂತನು ಅಪ್ಪ ಅಮ್ಮ ಸತ್ತುಹೋದ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಸಾಕಿದನು."

ಕನ್ನಡದ ಆ ಎರಡಕ್ಷರ ಮಾಡಿದ ಕೆಲಸ ನೋಡಿ. ನಾನು ನಿಲ್ಲಿಸು ಎಂಬ ಅರ್ಥದಲ್ಲಿ ಹೇಳಿದ ಸಾಕು, ಅವಳಿಗೆ ಬೆಳೆಸು ಎಂದು ಕೇಳಿಸಿತ್ತು. ಕೋಳಿ ಸಾಕು, ಕುರಿ ಸಾಕು, ಮಗು ಸಾಕು. ತಾಯಿ ಆಸ್ಪತ್ರೆಯಲ್ಲಿರುವ ಹುಡುಗಿಗೆ ಇನ್ನು ಹೇಗೆ ಕೇಳಿಸಬೇಕಿತ್ತು? ಆ ಯೋಚನೆ ನನಗೆ ಬರಲಿಲ್ಲ. ಕೆಂಪು ಪೆನ್ನಿನಲ್ಲಿ ದೊಡ್ಡ ಸೊನ್ನೆ ಸುತ್ತಿ, ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ, ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ, ಅಳಲೂ ಇಲ್ಲ. ಸುಮ್ಮನೆ ಫ್ಲಾನೆಲ್ ಹಲಗೆಯ ಕಡೆ ನೋಡುತ್ತಿದ್ದಳು.

ಎರಡು ದಿನದ ಮೇಲೆ ಪೆಟ್ಟಿಗೆ ತೆರೆದರೆ ಕತ್ತಿ ಇಲ್ಲ. ಕುರಿ, ಕತ್ತೆ, ಲಿಲಿ ಹೂವು ಎಲ್ಲ ಇವೆ, ಕತ್ತಿ ಒಂದೇ ಇಲ್ಲ. ಅಟ್ಟೂರಿನ ನಗು ನೆನಪಾಗಿ ಸಿಟ್ಟು ನೆತ್ತಿಗೇರಿತು. ಹುಡುಗಿಯರ ಟ್ರಂಕುಗಳನ್ನು ಒಂದೊಂದಾಗಿ ತೆಗೆಸಿದೆ. ಪುಷ್ಪಳ ಸೋಪಿನ ಡಬ್ಬಿಯಲ್ಲಿ, ಸೋಪಿನ ಚೂರಿನ ಕೆಳಗೆ, ನಾಲ್ಕು ಮಡಿಕೆ ಮಾಡಿದ ಅದೇ ಉತ್ತರಪತ್ರಿಕೆಯೊಳಗೆ ಕತ್ತಿ ಸಿಕ್ಕಿತು.

"ದೇವರ ಕತ್ತಿ ಕದಿಯೋಷ್ಟು ಧೈರ್ಯವಾ ನಿನಗೆ?"

"ಕದ್ದಿಲ್ಲ ಟೀಚರ್. ಅಮ್ಮ ವಾಸಿಯಾಗಿ ಬರೋವರ್ಗೂ ಇಟ್ಕೊಂಡಿರ್ತೀನಿ. ಆಮೇಲೆ ವಾಪಸ್ ಕೊಡ್ತೀನಿ."

ಎಳೆಯ ಟೀಚರುಗಳೇ, ಈ ಜಾಗದಲ್ಲಿ ನೀವೇನು ಮಾಡುತ್ತಿದ್ದಿರಿ ಎಂದು ಒಂದು ಗಳಿಗೆ ಯೋಚಿಸಿ. ನಾನು ಮಾಡಿದ್ದು ಇದು. ಅವಳನ್ನು ಕ್ಲಾಸಿಗೆ ಕರೆತಂದು ಎಲ್ಲರ ಮುಂದೆ ನಿಲ್ಲಿಸಿದೆ. ದೂತನನ್ನು ಹಲಗೆಗೆ ಒತ್ತಿದೆ. ಕತ್ತಿಯನ್ನು ಅವಳ ಬೆರಳಿಗೆ ಕೊಟ್ಟು, "ನೀನು ತೆಗೆದದ್ದು ನೀನೇ ಇಡು" ಎಂದೆ. ಅವಳ ಕೈ ಮೇಲೇಳಲಿಲ್ಲ. ನಾನು ಮಣಿಕಟ್ಟು ಹಿಡಿದು ಎತ್ತಿ ದೂತನ ಕೈಗೆ ಕತ್ತಿ ಒತ್ತಿಸಿದೆ. ಅದು ಯಾವತ್ತೂ ಸರಿಯಾಗಿ ಕಚ್ಚಿಕೊಳ್ಳದ ಕತ್ತಿ, ಆವತ್ತು ಗಟ್ಟಿಯಾಗಿ ಕಚ್ಚಿಕೊಂಡಿತು.

ಅದೇ ವಾರ ಗುರುವಾರ ಅವಳ ತಾಯಿ ತೀರಿಕೊಂಡಳು.

ಮಾವ ಬಂದು ಟ್ರಂಕು ಹೊತ್ತುಕೊಂಡ. ನಾನು ಗೇಟಿನವರೆಗೆ ಹೋದೆ. ತಲೆ ಸವರಬೇಕೆಂದಿತ್ತು, ಕೈ ಬರಲಿಲ್ಲ. ಅವಳೇ ತಿರುಗಿ ನೋಡಿದಳು.

"ಟೀಚರ್, ನಾನೇ ಅಂಟಿಸಿದ್ದಲ್ವಾ?"

ಇಲ್ಲ ಕಂದಾ ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಕ್ಲಾಸಿನ ಬೆಲ್ಲು ಹೊಡೆಯಿತು. ಅಮ್ಮನ ಕಾರ್ಯ ಮುಗಿಸಿ ಬಂದಾಗ ಕೂರಿಸಿಕೊಂಡು ಹೇಳೋಣ ಎಂದುಕೊಂಡು ಒಳಗೆ ಹೋದೆ. ಅವಳು ಬರಲೇ ಇಲ್ಲ.

ನಮ್ಮ ಸಭೆಯ ಪಾದ್ರಿ ಅಯ್ಯನವರು ವಯಸ್ಸಾದವರು, ಮೆಲುದನಿಯವರು. ತಡೆಯಲಾರದೆ ಹೋಗಿ ಅವರ ಮುಂದೆ ಎಲ್ಲ ಹೇಳಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ವಾಸಿಯಿತ್ತು.

"ದೂತ ತಾನಾಗೇ ಯಾರ ಮೇಲೂ ಕೈ ಎತ್ತಲ್ಲಮ್ಮ" ಎಂದರು. "ಕಳಿಸಿದಾಗ ಬರ್ತಾನೆ, ಸಾಕು ಅಂದಾಗ ನಿಲ್ತಾನೆ. ಆ ಮಗು ಕತ್ತಿ ಎತ್ತಿಟ್ಟುಕೊಂಡಿತಲ್ಲ, ಅದು ನಿನಗೆ ಸಾಕು ಅಂದ ಹಾಗೇ ಇತ್ತು. ನಿನಗೆ ಕೇಳಿಸಲಿಲ್ಲ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ನಮ್ಮಮ್ಮ ಹೇಳುತ್ತಿದ್ದರು. ನಾನು ಕೊಯ್ದದ್ದು ನನ್ನ ಮೂಗಾಗಿದ್ದರೆ ಚಿಂತೆ ಇರಲಿಲ್ಲ.

ಅಯ್ಯನವರ ಮಾತು ಕೇಳಿ ಮಾರನೇ ಭಾನುವಾರವೇ ಚಿಕ್ಕಜಾಲದಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಮಾವ ಕೆಲಸ ಹುಡುಕಿಕೊಂಡು ಮಕ್ಕಳ ಸಮೇತ ಊರು ಬಿಟ್ಟಿದ್ದ. ಯಾವ ಕಡೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಆಮೇಲೆಯೂ ಬಹಳ ಸಲ ಹೋದೆ. ಕೊನೆಗೆ ರಸ್ತೆ ಅಗಲವಾಗಿ ಅವರಿದ್ದ ಮನೆಯೂ ಹೋಯಿತು. ಈಗ ಅಲ್ಲಿ ಏರ್‌ಪೋರ್ಟಿನ ಗಾಡಿಗಳು ಭರ್ರೆಂದು ಹೋಗುತ್ತವೆ, ನಿಂತು ಹೆಸರು ಕೇಳಲೂ ಜಾಗವಿಲ್ಲ.

ಅವಳನ್ನು ನೋಡಬೇಕೆಂಬ ಆಸೆ ವರ್ಷ ಕಳೆದಂತೆ ಸವೆಯುತ್ತದೆ ಎಂದುಕೊಂಡಿದ್ದೆ. ಸವೆಯಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಎರಡು ಜಡೆ ಕಂಡರೆ ಬಗ್ಗಿ ಮುಖ ನೋಡುತ್ತಿದ್ದೆ. ಜಡೆಯ ವಯಸ್ಸು ಎಂದೋ ದಾಟಿರುತ್ತದೆ ಎಂಬ ಬುದ್ಧಿ ಆಮೇಲೆ ಬರುತ್ತಿತ್ತು. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವಾಗ ಪುಷ್ಪ ಎಂಬ ಹೆಸರು ಬಂದರೆ ಹುಡುಗಿ ಯಾರೆಂದು ವಿಚಾರಿಸುತ್ತಿದ್ದೆ. ಯಾವ ಪುಷ್ಪಳೂ ಅವಳಲ್ಲ. ನನಗೆ ಕ್ಷಮೆ ಬೇಕಿತ್ತು ಎಂದಲ್ಲ, ಅದಿಲ್ಲದೆಯೂ ಹೇಗೋ ಬದುಕುತ್ತಿದ್ದೆ. ಎಲ್ಲೋ ಒಂದು ಕಡೆ ಒಬ್ಬ ಹೆಣ್ಣುಮಗಳು ಅಮ್ಮನನ್ನು ಕೊಂದದ್ದು ತಾನೇ ಎಂದುಕೊಂಡು ಅನ್ನ ಕಲಸುತ್ತಿರಬಹುದಲ್ಲ, ಅದು ನನ್ನನ್ನು ತಿನ್ನುತ್ತಿತ್ತು.

ಕತ್ತಿಯನ್ನು ಮತ್ತೆ ದೂತನ ಕೈಗೆ ಇಡಲಿಲ್ಲ. ನ್ಯಾಯತೀರ್ಪಿನ ಕಥೆಗಳನ್ನು ಹೇಳುವುದು ಬಿಡಲಿಲ್ಲ, ಬಿಡಲೂಬಾರದು, ಅನ್ಯಾಯಕ್ಕೆ ಲೆಕ್ಕ ಕೇಳುವವನೊಬ್ಬ ಇದ್ದಾನೆ ಎಂಬುದು ಬಡ ಮಕ್ಕಳಿಗೆ ದೊಡ್ಡ ಧೈರ್ಯ. ಆದರೆ ಕಣದ ಕಥೆ ಬಂದಾಗ ಸಾಕು ಎಂಬಲ್ಲಿ ನಿಲ್ಲಿಸಿ, ದೂತ ಆಮೇಲೆ ಏನು ಮಾಡಿರಬಹುದು ಎಂದು ಮಕ್ಕಳನ್ನೇ ಕೇಳುತ್ತಿದ್ದೆ. ಮನೆಗೆ ಹೋದ ಟೀಚರ್, ಕೈ ತೊಳ್ಕೊಂಡ ಟೀಚರ್, ಅತ್ತ ಟೀಚರ್ ಎಂದೆಲ್ಲ ಬಂತು. ಸಾಕಿದ ಎಂದು ಮಾತ್ರ ಮತ್ತೆ ಯಾರೂ ಹೇಳಲಿಲ್ಲ. ಒಬ್ಬರಾದರೂ ಹೇಳಲಿ ಎಂದು ಪ್ರತಿ ವರ್ಷ ಕಾಯುತ್ತಿದ್ದೆ.

ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ ಹಾಸ್ಟೆಲ್ಲಿನ ಹಳೇ ಕಟ್ಟಡ ಕೆಡವುವುದೆಂದು ತೀರ್ಮಾನವಾಯಿತು. ಹಳೇ ರಿಜಿಸ್ಟರುಗಳನ್ನು ವಿಂಗಡಿಸಲು ಜೆಸ್ಸಿ ನನ್ನನ್ನು ಕರೆದಳು. ಆಫೀಸಿನಲ್ಲಿ ಧೂಳಿಗೆ ಸೀನುತ್ತ ಕುಳಿತಿದ್ದಾಗ ಕ್ಯಾಬ್ ಓಡಿಸುವ ಯುವಕನೊಬ್ಬ ಬಾಗಿಲಲ್ಲಿ ನಿಂತ. ಸಂಪತ್ ಅಂತ, ತಣಿಸಂದ್ರದಿಂದ ಬಂದಿದ್ದೀನಿ ಎಂದ.

"ನಮ್ಮಕ್ಕ ಚಿಕ್ಕೋಳಿದ್ದಾಗ ಇಲ್ಲೇ ಇದ್ಳಂತೆ ಮೇಡಂ. ಪಾಸ್‌ಪೋರ್ಟ್ ರಿನ್ಯೂ ಮಾಡ್ಸೋಕೆ ಹುಟ್ಟಿದ ತಾರೀಕಿನ ದಾಖಲೆ ಬೇಕು. ಅವ್ಳು ಕುವೈತಲ್ಲಿದ್ದಾಳೆ, ಅದಕ್ಕೆ ನನ್ನ ಕಳಿಸಿದ್ಳು. ಪುಷ್ಪ ಅಂತ, ಚಿಕ್ಕಜಾಲ."

ನನ್ನ ಕೈಯಲ್ಲಿದ್ದ ರಿಜಿಸ್ಟರ್ ಜಾರಿತು. ಅವನೇ ಎತ್ತಿಕೊಟ್ಟ. ಮೂರು ವರ್ಷದ ತಮ್ಮ ಎಂದರೆ ಇವನೇ.

"ನಿನ್ನನ್ನ ಯಾರಪ್ಪ ನೋಡ್ಕೊಂಡಿದ್ದು?" ಎಂದೆ. ಅಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋದವೋ, ಬಾಯಿಗೆ ಬಂದದ್ದು ಅದು.

"ಇನ್ಯಾರು, ಅಕ್ಕಾನೇ ಸಾಕಿದ್ದು. ಮಾವನ ಮನೇಲಿ ಎರಡು ವರ್ಷ ಇದ್ವಿ, ಆಮೇಲೆ ಅವ್ಳು ಅವರಿವರ ಮನೆ ಕೆಲಸ ಮಾಡಿ ನನ್ನ ಓದಿಸಿದ್ಳು. ಈಗ ಅಲ್ಲೂ ಅದೇ, ಯಾರ್ದೋ ಮಕ್ಕಳನ್ನ ನೋಡ್ಕೋತಾಳೆ. ನೀವು ಅಕ್ಕಂಗೆ ಗೊತ್ತಾ ಮೇಡಂ?"

ಅವಳ ಬೈಬಲ್ ಟೀಚರ್ ನಾನು, ಫೋನ್ ಮಾಡಿಕೊಡು ಎಂದೆ. ಅವನು ಮಾಡಿದ. "ಅಕ್ಕಾ, ಇಲ್ಲಿ ನಿನ್ನ ಬೈಬಲ್ ಟೀಚರ್ ಅಂತೆ, ಅಳ್ತಾ ಇದ್ದಾರೆ" ಎಂದು ಫೋನನ್ನು ನನ್ನ ಕೈಗಿಟ್ಟ. ಆ ಕಡೆ ಯಾವುದೋ ಮಗು ಗಲಾಟೆ ಮಾಡುವುದು ಮಾತ್ರ ಕೇಳುತ್ತಿತ್ತು.

"ಪುಷ್ಪ, ನೀನು ಅಂಟಿಸಲಿಲ್ಲಮ್ಮ" ಎಂದೆ. "ನಾನು ಅಂಟಿಸಿದ್ದು. ನಿನ್ನ ಕೈ ಹಿಡಿದು ನಾನೇ ಅಂಟಿಸಿದ್ದು. ಅದು ಟೀಪುಡಿ ಕಾಗದ ಕಣೇ, ಅದಕ್ಕೆ ಯಾರನ್ನೂ ಏನೂ ಮಾಡೋಕ್ಕಾಗಲ್ಲ. ನಿಮ್ಮಮ್ಮ ಹೋಗಿದ್ದು ಕಾಯಿಲೆಯಿಂದ. ಗೇಟಿನ ಹತ್ರ ಕೇಳಿದೆಯಲ್ಲ, ಆಗಲೇ ಹೇಳ್ಬೇಕಿತ್ತು. ಹೇಳಲಿಲ್ಲ."

"ತುಂಬಾ ವರ್ಷ ಹಂಗೇ ಅಂದ್ಕೊಂಡಿದ್ದೆ ಟೀಚರ್" ಎಂದಳು. ದನಿ ದೊಡ್ಡವಳದಾಗಿತ್ತು, ಮಾತಿನ ಧಾಟಿ ಮಾತ್ರ ಅದೇ. "ತಮ್ಮ ರಾತ್ರಿ ಅಮ್ಮ ಅಮ್ಮ ಅಂತ ಅತ್ತಾಗೆಲ್ಲ ನನ್ನ ಕೈ ನಾನೇ ನೋಡ್ಕೋತಿದ್ದೆ. ದೂತ ಬಂದು ನಮ್ಮನ್ನ ಸಾಕ್ತಾನೆ ಅಂತ ಬಾಗಿಲಲ್ಲಿ ಕೂತು ಕಾಯ್ತಿದ್ದೆ. ಯಾರೂ ಬರ್ಲಿಲ್ಲ. ಆಮೇಲೆ ನಾನೇ ಸಾಕ್ದೆ."

ಆಫೀಸಿನಲ್ಲಿ ಅಷ್ಟು ಜನರ ಮುಂದೆ ನಾನು ಗೊಳೋ ಎಂದು ಅತ್ತೆ. ತಪ್ಪಾಯ್ತು, ತಪ್ಪಾಯ್ತು ಎಂದು ಎಷ್ಟು ಸಲ ಅಂದೆನೋ ನೆನಪಿಲ್ಲ.

"ಸಾಕು, ಟೀಚರ್" ಎಂದಳು ಪುಷ್ಪ.

ಸುಮ್ಮನಾದೆ. ಅಯ್ಯನವರು ಹೇಳಿದ್ದ ಮಾತು ಆವತ್ತು ನನ್ನ ಕಿವಿಗೆ ಕೇಳಿಸಿತು.

ಆಮೇಲೆ ಅವಳೇ ಮೆಲ್ಲಗೆ ಕೇಳಿದಳು, "ಆ ಪೇಪರ್ ಏನಾಯ್ತು ಟೀಚರ್, ಸೊನ್ನೆ ಹಾಕಿದ್ರಲ್ಲ?" ನನ್ನ ಹತ್ತಿರವೇ ಇದೆ ಎಂದೆ. ನಿಜವಾಗಿಯೂ ಇದೆ. ಅವಳು ಹೋದ ದಿನದಿಂದ ಫ್ಲಾನೆಲ್ ಬಟ್ಟೆಯ ಸುರುಳಿಯೊಳಗೇ ಇಟ್ಟಿದ್ದೇನೆ. "ಇಟ್ಟಿರಿ, ರಜಕ್ಕೆ ಬಂದಾಗ ಬರ್ತೀನಿ" ಎಂದಳು. ರಜ ಯಾವಾಗ ಎಂದು ಅವಳಿಗೂ ಗೊತ್ತಿಲ್ಲ, ಆ ಮನೆಯವರು ಬಿಟ್ಟಾಗ.

ಜೆಸ್ಸಿ, ನೀನು ಕೇಳಿದ್ದು ಎರಡು ಪುಟ, ಜಾಸ್ತಿಯಾಯಿತು. ಹೊಸಬರಿಗೆ ಹೇಳುವುದು ಇಷ್ಟೇ. ಮಕ್ಕಳ ಮುಂದೆ ದೂತನ ಕೈಗೆ ಏನು ಕೊಡುತ್ತೀರೋ ನೋಡಿ ಕೊಡಿ, ಅವು ನಂಬುತ್ತವೆ. ಪೆಟ್ಟಿಗೆಯನ್ನು ನಿನಗೆ ಕೊಡುತ್ತೇನೆ, ಕುರಿಗಳು, ಇಬ್ಬರು ಮೋಶೆ, ಬರಿಗೈಯ ದೂತ, ಎಲ್ಲ ತೆಗೆದುಕೊಂಡು ಹೋಗು. ಆ ಸುರುಳಿಯನ್ನು ಮಾತ್ರ ಮುಟ್ಟಬೇಡ. ಉತ್ತರಪತ್ರಿಕೆ ಮುಂದಿಟ್ಟುಕೊಂಡು ಎಷ್ಟೋ ಸಲ ಸೊನ್ನೆಯನ್ನು ತಿದ್ದಲು ಹೋಗಿದ್ದೇನೆ, ತಿದ್ದಿಲ್ಲ. ಅದರ ಪಕ್ಕದಲ್ಲಿ ಒಂದು ಕೆಂಪು ಪೆನ್ನು ಇಟ್ಟಿದ್ದೇನೆ. ಪುಷ್ಪ ಬಂದಾಗ ಅವಳ ಕೈಗೆ ಕೊಡುತ್ತೇನೆ, ಈ ಸಲ ಮಣಿಕಟ್ಟು ಹಿಡಿಯುವುದಿಲ್ಲ.